ಚಲಚ್ಚಿತ್ರದ ಸಂಕೋಚನವೂ ಬೇಕಾದ ಕ್ಷಣವನ್ನು ಸೇರುವ ಬಗೆಯೂ

ನಾಲ್ಕು ರಸ್ತೆಗಳು ಕೂಡುವ ಎಡೆಯಲ್ಲಿ ಕಂಬದ ಮೇಲೆ ಒಂದು ಕ್ಯಾಮೆರಾ ಹಗಲಿರುಳೂ ಬಿಡುವಿಲ್ಲದೆ ಚಿತ್ರಗಳನ್ನು ತೆಗೆಯುತ್ತಿದೆಯೆಂದು ಭಾವಿಸೋಣ. ಸೆಕೆಂಡಿಗೆ ೨೫ ಚಿತ್ರಗಳಂತೆ ಒಂದು ದಿನಕ್ಕೆ ೨೧ ಲಕ್ಷದ ೬೦ ಸಾವಿರ ಚಿತ್ರಗಳಾಗುತ್ತವೆ. ಕಳೆದ ಹತ್ತು ದಿನಗಳಲ್ಲಿ ಯಾವುದೋ ಒಂದು ರಾತ್ರಿ ಅಲ್ಲಿ ಒಂದು ವಾಹನವು ಪಾದಚಾರಿಯೊಬ್ಬನಿಗೆ ಬಡಿದು, ನಿಲ್ಲದೆ ಹೊರಟುಹೋಯಿತು. ಅದರ ಸಂಖ್ಯೆಯ ಫಲಕವು ಸ್ಪಷ್ಟವಾಗಿ ಕಂಡಿರಬಹುದಾದ ಚಿತ್ರಗಳು ಹತ್ತೋ ಹನ್ನೆರಡೋ ಇರಬಹುದು. ತನಿಖೆ ನಡೆಸತಕ್ಕ ಅಧಿಕಾರಿಯು ಎರಡು ಕೋಟಿಗೂ ಮಿಕ್ಕ ಚಿತ್ರಗಳ ರಾಶಿಯಿಂದ ಆ ಹನ್ನೆರಡನ್ನು ಹುಡುಕಿ ತೆಗೆಯಬೇಕು. ಆತನು ಕಾಲರೇಖೆಯ ಮೇಲಿನ ಗುರುತನ್ನು ಅತ್ತಿತ್ತ ಸರಿಸಿದ ಕೂಡಲೆ ಆಯಾ ಕ್ಷಣದ ಚಿತ್ರವು ಪರದೆಯ ಮೇಲೆ ಮೂಡುವುದೋ, ಅಥವಾ ಪರದೆಯು ಕೆಲ ಹೊತ್ತು ಮರಗಟ್ಟಿದಂತೆ ನಿಂತು ಬೇರೆ ಯಾವುದೋ ಕ್ಷಣಕ್ಕೆ ಹಾರುವುದೋ ಎಂಬುದು ಯಂತ್ರದ ವೇಗವೊಂದನ್ನೇ ಅವಲಂಬಿಸಿಲ್ಲ. ಆ ಚಿತ್ರಗಳನ್ನು ಯಾವ ಕ್ರಮದಿಂದ ಅಡಕಮಾಡಿ ಇಟ್ಟಿದೆ ಎಂಬುದನ್ನು ಬಹುಮಟ್ಟಿಗೆ ಅವಲಂಬಿಸಿದೆ. ಆ ಕ್ರಮವನ್ನು ಈ ಲೇಖನದಲ್ಲಿ ವಿಚಾರ ಮಾಡೋಣ.

ಹಿಂದಿನ ಫಿಲ್ಮಿನ ಸುರುಳಿಯಲ್ಲಿ ಈ ತೊಡಕು ಇರಲಿಲ್ಲ. ೩೫ ಮಿಲಿಮೀಟರ್ ಫಿಲ್ಮಿನಲ್ಲಿ ಅಡಿಯೊಂದಕ್ಕೆ ೧೬ ಚಿತ್ರಗಳು. ಸೆಕೆಂಡಿಗೆ ೨೪ ಚಿತ್ರಗಳ ವೇಗದಲ್ಲಿ ಮಿನಿಟಿಗೆ ೯೦ ಅಡಿ ಓಡುತ್ತದೆ. ಎರಡೂವರೆ ಗಂಟೆಯ ಚಿತ್ರವೆಂದರೆ ೧೩,೫೦೦ ಅಡಿಗಳಾದುವು. ಸುರುಳಿ ಉದ್ದವೇನೋ ಅಹುದು. ಆದರೆ ಯಾವುದೇ ಸ್ಥಳದಲ್ಲಿ ಅದನ್ನು ಬೆಳಕಿಗೆ ಹಿಡಿದರೂ ಒಂದು ಪೂರ್ಣ ಚಿತ್ರ ಕಾಣುತ್ತಿತ್ತು. ಪ್ರತಿಯೊಂದು ಚಿತ್ರವೂ ತನ್ನಷ್ಟಕ್ಕೆ ತಾನು ಸ್ವತಂತ್ರ. ಅದನ್ನು ನೋಡಲು ಅದರ ಹಿಂದಿನ ಚಿತ್ರದ ನೆರವು ಬೇಕಾಗಿರಲಿಲ್ಲ.

ಚಿತ್ರವನ್ನು ಅಂಕಿಗಳ ರೂಪಕ್ಕೆ ತಂದಾಗ ಈ ಸ್ವಾತಂತ್ರ್ಯಕ್ಕೆ ಬಹಳ ದೊಡ್ಡ ಬೆಲೆಯನ್ನು ತೆರಬೇಕಾಗುತ್ತದೆ. ಇಂದು ಸಾಮಾನ್ಯವಾದ ಒಂದು ಚಿತ್ರದಲ್ಲಿ ಅಡ್ಡಸಾಲಿಗೆ ೧೯೨೦, ಕಂಬಸಾಲಿಗೆ ೧೦೮೦, ಒಟ್ಟು ೨೦,೭೩,೬೦೦ ಬಿಂದುಗಳಿರುತ್ತವೆ. ಬಿಂದುವೊಂದರ ಕೆಂಪು, ಹಸುರು, ನೀಲಿ ವರ್ಣಗಳಿಗೆ ಒಂದೊಂದು ಬೈಟಿನಂತೆ ಲೆಕ್ಕ ಹಾಕಿದರೆ ಒಂದು ಚಿತ್ರಕ್ಕೆ ೬೨ ಲಕ್ಷ ಬೈಟುಗಳು, ಒಂದು ಸೆಕೆಂಡಿಗೆ ಹದಿನೈದೂವರೆ ಕೋಟಿ, ಒಂದು ಗಂಟೆಗೆ ಸುಮಾರು ೫೬,೦೦೦ ಕೋಟಿ. ಆದರೆ ಇಂಟರ್‌ನೆಟ್ಟಿನ ಮೂಲಕ ನಾವು ನೋಡುವ ಅದೇ ಅಳತೆಯ ಚಿತ್ರವು ಸೆಕೆಂಡಿಗೆ ೫೦ ಲಕ್ಷ ಬಿಟ್ಟುಗಳ ಪ್ರವಾಹದಲ್ಲಿ ಬಂದರೆ, ಗಂಟೆಗೆ ೨೨೫ ಕೋಟಿ ಬೈಟುಗಳು ಮಾತ್ರ. ಅಂದರೆ ಮೂಲದ ಇನ್ನೂರೈವತ್ತನೆಯ ಒಂದು ಭಾಗ! ಉಳಿದುದು ಎಲ್ಲಿ ಹೋಯಿತು?

ಒಂದಷ್ಟು ಭಾಗವನ್ನು ಚಿತ್ರದ ಒಳಗೇ ಕಡಮೆಮಾಡಲಾಗುತ್ತದೆ. ಚಿತ್ರವನ್ನು ಅಡ್ಡಕ್ಕೆ ಎಂಟು, ಉದ್ದಕ್ಕೆ ಎಂಟು ಬಿಂದುಗಳ ಚಿಕ್ಕ ಚೌಕಗಳಾಗಿ ಸೀಳಿ, ಒಂದೊಂದು ಚೌಕದಲ್ಲಿರುವ ೬೪ ಬೆಲೆಗಳನ್ನು ೬೪ ಕೊಸೈನ್ ಅಲೆಗಳ ಮೊತ್ತವಾಗಿ ಬರೆಯುವುದು ಇದರ ವಿಧಾನ. ಸಾಮಾನ್ಯ ದೃಶ್ಯಗಳಲ್ಲಿ ನಿಧಾನವಾಗಿ ಏರಿಳಿಯುವ ಕೆಲವೇ ಅಲೆಗಳು ಚೌಕದ ಬಹುಪಾಲನ್ನು ಹೇಳಿಬಿಡುತ್ತವೆ. ಸೂಕ್ಷ್ಮವಾದ ಏರಿಳಿತಗಳನ್ನು ನಮ್ಮ ಕಣ್ಣು ಅಷ್ಟಾಗಿ ಗುರುತಿಸಲಾರದು. ಆದುದರಿಂದ ಅವುಗಳ ಬೆಲೆಗಳನ್ನು ಸ್ಥೂಲವಾಗಿ ಬರೆದರೂ, ಹಲವನ್ನು ಸೊನ್ನೆಯೆಂದೇ ತಿಳಿದರೂ, ನಷ್ಟ ಕಾಣಿಸುವುದಿಲ್ಲ. ಈ ಕೊಸೈನ್ ಪರಿವರ್ತನೆಯನ್ನು ಮೊದಲು ಸೂಚಿಸಿದವರು ೧೯೪೦ರಲ್ಲಿ ಬೆಂಗಳೂರಿನಲ್ಲಿ ಹುಟ್ಟಿ, ಅಲ್ಲಿಯ ಎಂಜಿನಿಯರಿಂಗ್ ಕಾಲೇಜಿನಲ್ಲಿ ಓದಿ, ಮುಂದೆ ಅಮೆರಿಕಕ್ಕೆ ಹೋದ ನಾಸಿರ್ ಅಹಮದ್ ಎಂಬುದನ್ನು ನಮ್ಮ ವಿದ್ಯಾರ್ಥಿಗಳು ತಿಳಿದಿರಬೇಕು. ೧೯೭೨ರಲ್ಲಿ ಈ ಸಂಶೋಧನೆಗಾಗಿ ಅವರು ಅಲ್ಲಿಯ ನ್ಯಾಷನಲ್ ಸೈನ್ಸ್ ಫೌಂಡೇಷನ್ನಿನಿಂದ ಹಣದ ನೆರವನ್ನು ಕೋರಿದರು, ಅದು ದೊರೆಯಲಿಲ್ಲ. ಆದರೂ ಕೆಲಸವನ್ನು ಬಿಡದೆ, ಟಿ. ನಟರಾಜನ್ ಮತ್ತು ಕೆ. ಆರ್. ರಾವ್ ಅವರೊಡನೆ ೧೯೭೪ರ ಜನವರಿಯಲ್ಲಿ ಅದನ್ನು ಪ್ರಕಟಿಸಿದರು. ಇಂದಿನ ಜೆಪೆಗ್ ಛಾಯಾಚಿತ್ರಗಳಿಗೂ ಬಹುಮಟ್ಟಿನ ವಿಡಿಯೊಗಳಿಗೂ ಅದೇ, ಅಥವಾ ಅದರಿಂದ ಹುಟ್ಟಿದ ಪರಿವರ್ತನೆಗಳೇ ತಳಹದಿ.

ಇಷ್ಟರಿಂದ ಚಿತ್ರದ ಸ್ವಾತಂತ್ರ್ಯಕ್ಕೆ ಯಾವ ಭಂಗವೂ ಇಲ್ಲ. ಆದರೆ ಇದರಿಂದ ಇನ್ನೂರೈವತ್ತರಷ್ಟು ಸಂಕೋಚನವೂ ಸಿಕ್ಕುವುದಿಲ್ಲ. ಉಳಿದ ಉಳಿತಾಯವು ಬರುವುದು ಒಂದು ಚಿತ್ರಕ್ಕೂ ಮುಂದಿನ ಚಿತ್ರಕ್ಕೂ ಇರುವ ಹೋಲಿಕೆಯಿಂದ. ಸೆಕೆಂಡಿನ ಇಪ್ಪತ್ತೈದನೆಯ ಒಂದು ಭಾಗದಲ್ಲಿ ಜಗತ್ತು ಎಷ್ಟು ತಾನೆ ಬದಲಾದೀತು? ಹಿಂದಿನ ಚಿತ್ರವು ನಮ್ಮಲ್ಲಿದ್ದರೆ, ಅದರ ಯಾವ ಚೌಕವು ಎತ್ತ ಎಷ್ಟು ಸರಿಯಿತು ಎಂಬ ಚಲನದ ದಿಕ್ಕು ಮತ್ತು ದೂರವನ್ನೂ, ಸರಿದ ಮೇಲೆ ಉಳಿದ ಅಲ್ಪ ವ್ಯತ್ಯಾಸವನ್ನೂ ಬರೆದರೆ ಸಾಕು. ಗಣಿತದ ಮಾತಿನಲ್ಲಿ ಮೊದಲನೆಯದು ಚಲನಸದಿಶ.

ಈ ಏರ್ಪಾಡನ್ನು ಅಂಗಡಿಯ ಲೆಕ್ಕದ ಪುಸ್ತಕಕ್ಕೆ ಹೋಲಿಸಬಹುದು. ಪ್ರತಿ ದಿನವೂ ಇದ್ದ ಸರಕನ್ನೆಲ್ಲ ಎಣಿಸಿ ಬರೆಯುವ ವರ್ತಕನಿಲ್ಲ. ತಿಂಗಳ ಮೊದಲ ದಿನ ಒಟ್ಟು ಶಿಲ್ಕನ್ನು ಬರೆದುಕೊಂಡು, ಆ ಮೇಲೆ ದಿನದಿನದ ಜಮಾ ಖರ್ಚುಗಳನ್ನು ಮಾತ್ರ ಬರೆಯುತ್ತಾನೆ. ಪುಸ್ತಕವು ತೆಳ್ಳಗಾಗುತ್ತದೆ, ನಿಜ. ಆದರೆ ಇಪ್ಪತ್ತನೆಯ ತಾರೀಖಿನ ಸಂಜೆ ಶಿಲ್ಕು ಎಷ್ಟಿತ್ತೆಂದು ಯಾರಾದರೂ ಕೇಳಿದರೆ, ಆ ಪುಟವೊಂದನ್ನೇ ತೆರೆದು ಉತ್ತರ ಹೇಳಲಾಗದು. ಒಂದನೆಯ ತಾರೀಖಿಗೆ ಹೋಗಿ, ಅಲ್ಲಿಂದ ಇಪ್ಪತ್ತು ದಿನಗಳನ್ನೂ ಕೂಡಿ ಕಳೆದು ಬರಬೇಕು. ನಡುವೆ ಒಂದು ಪುಟ ಹರಿದುಹೋಗಿದ್ದರೆ ಮುಂದಿನ ತಿಂಗಳ ಶಿಲ್ಕು ಬರುವ ತನಕ ಎಲ್ಲವೂ ತಪ್ಪು. ವಿಡಿಯೊ ನೋಡುವಾಗ ಒಮ್ಮೊಮ್ಮೆ ಮುಖಗಳು ಚೌಕ ಚೌಕವಾಗಿ ಒಡೆದು, ಕೆಲವು ಕ್ಷಣಗಳಾದ ಮೇಲೆ ಥಟ್ಟನೆ ಸರಿಹೋಗುವುದನ್ನು ನೀವು ಕಂಡಿರಬಹುದು. ಸರಿಹೋದುದು ಹೊಸ ಶಿಲ್ಕು ಬಂದಾಗ.

ಇಂತಹ ಶಿಲ್ಕಿನ ಪುಟವನ್ನು ಐ-ಚಿತ್ರವೆನ್ನುತ್ತಾರೆ. ನಾವು ಅದನ್ನು ಸ್ವತಂತ್ರ ಚಿತ್ರವೆಂದು ಕರೆಯೋಣ. ಹಿಂದಿನ ಚಿತ್ರದ ಆಧಾರದಿಂದ ಬಿಡಿಸತಕ್ಕ ಪಿ-ಚಿತ್ರವು ಆಶ್ರಿತ ಚಿತ್ರ. ಹಿಂದಿನದು ಮುಂದಿನದು ಎರಡರ ಆಧಾರವನ್ನೂ ಪಡೆಯುವ ಮೂರನೆಯ ಬಗೆಯೊಂದುಂಟು. ಈ ಬಿ-ಚಿತ್ರವು ಉಭಯಾಶ್ರಿತ. ಒಂದು ಸ್ವತಂತ್ರ ಚಿತ್ರದಿಂದ ಮುಂದಿನ ಸ್ವತಂತ್ರ ಚಿತ್ರದ ವರೆಗಿನ ಸಾಲಿಗೆ ಚಿತ್ರಗುಚ್ಛವೆಂದು ಹೆಸರಿಡೋಣ. ಹನ್ನೆರಡು ಚಿತ್ರಗಳ ಒಂದು ಗುಚ್ಛದಲ್ಲಿ ೧ನೆಯದು ಸ್ವತಂತ್ರ. ೪, ೭, ೧೦ ಆಶ್ರಿತ. ಉಳಿದ ಎಂಟೂ ಉಭಯಾಶ್ರಿತ. ೧೩ನೆಯದರಿಂದ ಹೊಸ ಗುಚ್ಛ. ಉಭಯಾಶ್ರಿತ ಚಿತ್ರಕ್ಕೆ ಮುಂದಿನ ಚಿತ್ರವೂ ಬೇಕಾದುದರಿಂದ ಅವುಗಳನ್ನು ೧, ೪, ೨, ೩, ೭, ೫, ೬ ಎಂಬ ವಿಚಿತ್ರ ಕ್ರಮದಲ್ಲಿ ಬರೆದಿಡಬೇಕಾಗುತ್ತದೆ. ನೋಡುವಾಗ ಯಂತ್ರವು ಕ್ರಮವನ್ನು ಸರಿಪಡಿಸಿಕೊಳ್ಳುತ್ತದೆ.

ಈಗ ೧೨ನೆಯ ಚಿತ್ರವನ್ನು ನೋಡಬೇಕೆಂದು ನೇರವಾಗಿ ಅಲ್ಲಿಗೆ ಹಾರಿದೆವೆನ್ನಿ. ಅದಕ್ಕೆ ೧೦ ಮತ್ತು ೧೩ ಬೇಕು. ೧೦ಕ್ಕೆ ೭, ೭ಕ್ಕೆ ೪, ೪ಕ್ಕೆ ೧ ಬೇಕು. ಒಂದನ್ನು ನೋಡಲು ಆರನ್ನು ಬಿಡಿಸಬೇಕಾಯಿತು. ಹಿಮ್ಮುಖವಾಗಿ ಓಡಿಸುವುದು ಇನ್ನೂ ಕಷ್ಟ. ೧೨, ೧೧, ೧೦ ಎಂದು ತೋರಿಸಬೇಕಾದರೆ ಇಡೀ ಗುಚ್ಛವನ್ನು ಮುಂದಕ್ಕೆ ಬಿಡಿಸಿ, ಎಲ್ಲವನ್ನೂ ನೆನಪಿನ ಕೋಶದಲ್ಲಿ ಇಟ್ಟುಕೊಂಡು, ತುದಿಯಿಂದ ತೆಗೆಯಬೇಕು. ಬಿಡಿಸಿದ ಚಿತ್ರವೊಂದಕ್ಕೆ ಸುಮಾರು ೩೧ ಲಕ್ಷ ಬೈಟುಗಳು ಬೇಕು, ಏಕೆಂದರೆ ವರ್ಣದ ವಿವರಗಳನ್ನು ಹೊಳಪಿನಷ್ಟು ನುಣುಪಾಗಿ ಇಡುವುದಿಲ್ಲ. ಹನ್ನೆರಡಕ್ಕೆ ಮೂರೂಮುಕ್ಕಾಲು ಕೋಟಿಯ ಹತ್ತಿರವಾದರೆ, ನೂರಿಪ್ಪತ್ತು ಚಿತ್ರಗಳ ಗುಚ್ಛಕ್ಕೆ ಮೂವತ್ತೇಳು ಕೋಟಿ!

ಹಾಗಾದರೆ ಗುಚ್ಛವು ಎಷ್ಟು ಉದ್ದವಿರಬೇಕು? ವಿಷಯದ ತಿರುಳೆಲ್ಲ ಈ ಪ್ರಶ್ನೆಯಲ್ಲಿಯೇ ಇದೆ. ಆದುದರಿಂದ ಸ್ವಲ್ಪ ಲೆಕ್ಕ ಮಾಡೋಣ. ಸಾಧಾರಣ ಚಲನೆಯುಳ್ಳ ದೃಶ್ಯದಲ್ಲಿ ಸ್ವತಂತ್ರ ಚಿತ್ರಕ್ಕೆ ೩೦, ಆಶ್ರಿತಕ್ಕೆ ೧೦, ಉಭಯಾಶ್ರಿತಕ್ಕೆ ೪ ಮಾನಗಳಷ್ಟು ಸ್ಥಳ ಬೇಕೆಂದು ಇಟ್ಟುಕೊಳ್ಳಿ. ಎಲ್ಲವೂ ಸ್ವತಂತ್ರವಾದರೆ ಹನ್ನೆರಡು ಚಿತ್ರಗಳಿಗೆ ೩೬೦ ಮಾನ. ಮೇಲೆ ಹೇಳಿದ ಗುಚ್ಛದಲ್ಲಿ ೩೦, ೩೦, ೩೨ ಸೇರಿ ೯೨. ನಾಲ್ಕರಲ್ಲಿ ಒಂದು ಪಾಲಿಗೆ ಇಳಿಯಿತು. ಇದರಿಂದ ಉತ್ಸಾಹಗೊಂಡು ಗುಚ್ಛವನ್ನು ಹತ್ತು ಪಟ್ಟು ಉದ್ದಮಾಡಿ ೧೨೦ಕ್ಕೆ ಏರಿಸಿದರೆ? ಒಂದು ಸ್ವತಂತ್ರ, ೩೯ ಆಶ್ರಿತ, ೮೦ ಉಭಯಾಶ್ರಿತ ಚಿತ್ರಗಳು. ಒಟ್ಟು ೭೪೦ ಮಾನ, ಅಂದರೆ ಹನ್ನೆರಡು ಚಿತ್ರಗಳಿಗೆ ೭೪. ಹೊಸದಾಗಿ ಉಳಿದುದು ಐದರಲ್ಲಿ ಒಂದು ಪಾಲು ಮಾತ್ರ. ಆದರೆ ಈಗ ೧೨೦ನೆಯ ಚಿತ್ರವನ್ನು ನೋಡಲು ಬಿಡಿಸಬೇಕಾದುವು ಆರಲ್ಲ, ೪೨. ಮೊದಲ ಕೆಲವು ಚಿತ್ರಗಳ ಅವಲಂಬನೆಯಿಂದ ಬರುವ ಲಾಭವು ಅಪಾರ. ಅನಂತರ ಲಾಭವು ಬೇಗ ಬೇಗ ಕುಗ್ಗುತ್ತದೆ, ಹುಡುಕುವವನ ಶ್ರಮವಾದರೋ ಗುಚ್ಛದ ಉದ್ದದೊಡನೆ ಸಮನಾಗಿ ಏರುತ್ತ ಹೋಗುತ್ತದೆ.

ಈ ತತ್ತ್ವವನ್ನು ಮೊದಲೇ ಮನಗಂಡು ಮಾಡಿದ ಸಂಕೋಚನ ವಿಧಾನವೇ ೧೯೯೩ರಲ್ಲಿ ಪ್ರಕಟವಾದ ಎಂಪೆಗ್-೧. ಅದಕ್ಕೆ ಸ್ವಲ್ಪ ಮುಂಚೆ ಬಂದ ಎಚ್.೨೬೧ ಎಂಬ ವಿಧಾನವು ದೂರವಾಣಿಯ ತಂತಿಗಳ ಮೂಲಕ ಮುಖ ನೋಡಿಕೊಂಡು ಮಾತನಾಡುವವರಿಗಾಗಿ ಹುಟ್ಟಿದುದು. ಸಂಭಾಷಣೆಯಲ್ಲಿ ಹಿಂದಕ್ಕೆ ಸರಿಯುವ ಪ್ರಸಂಗವೇ ಇಲ್ಲವಷ್ಟೆ. ಆದುದರಿಂದ ಅಲ್ಲಿ ಕ್ಲುಪ್ತವಾದ ಅಂತರಗಳಲ್ಲಿ ಸ್ವತಂತ್ರ ಚಿತ್ರಗಳನ್ನು ಇಡಬೇಕೆಂಬ ಚಿಂತೆ ಇರಲಿಲ್ಲ. ಎಂಪೆಗ್-೧ ಅಡಕಮುದ್ರಿಕೆಯಲ್ಲಿ ಶೇಖರಿಸಿಡುವ ಚಿತ್ರಕ್ಕಾಗಿ ಹುಟ್ಟಿತು. ಶೇಖರಿಸಿದ ಮೇಲೆ ಜನರು ಹುಡುಕಿಯೇ ಹುಡುಕುತ್ತಾರೆ. ಯಾವುದೇ ಸ್ಥಳವನ್ನು ಸುಮಾರು ಅರ್ಧ ಸೆಕೆಂಡಿನಲ್ಲಿ ತಲುಪಬೇಕು, ಮುಂದಕ್ಕೂ ಹಿಂದಕ್ಕೂ ವೇಗವಾಗಿ ಓಡಿಸಿ ನೋಡಬೇಕು ಎಂಬ ಅಪೇಕ್ಷೆಗಳನ್ನು ಅದರ ನಿರ್ಮಾಪಕರು ಮೊದಲಲ್ಲಿಯೇ ಮುಂದಿಟ್ಟುಕೊಂಡಿದ್ದರು. ಒಂದು ಕಾಲಕ್ಕೆ ನಮ್ಮ ಊರೂರುಗಳಲ್ಲಿ ಬಾಡಿಗೆಗೆ ಸಿಕ್ಕುತ್ತಿದ್ದ ವಿಡಿಯೊ ಸಿ.ಡಿ.ಗಳು ಈ ವಿಧಾನದವು.

ಡಿ.ವಿ.ಡಿ. ಇನ್ನೂ ಒಂದು ಹೆಜ್ಜೆ ಮುಂದೆ ಹೋಯಿತು. ಸೆಕೆಂಡಿಗೆ ೨೫ ಚಿತ್ರಗಳ ಪದ್ಧತಿಯಲ್ಲಿ ಗುಚ್ಛವು ೧೫ ಚಿತ್ರಗಳನ್ನು ಮೀರಕೂಡದೆಂದು ಅದು ವಿಧಿಸಿತು. ಅಷ್ಟೇ ಅಲ್ಲದೆ, ಸುಮಾರು ಅರ್ಧ ಸೆಕೆಂಡಿನಿಂದ ಒಂದು ಸೆಕೆಂಡಿನ ಅಂತರದಲ್ಲಿ ಚಿತ್ರಗಳ ನಡುವೆ ಒಂದು ಚಿಕ್ಕ ಕೋಷ್ಟಕವನ್ನೂ ಸೇರಿಸಿತು. ಇಲ್ಲಿಂದ ಇಷ್ಟು ಮುಂದೆ, ಇಷ್ಟು ಹಿಂದೆ ಇರುವ ಗುಚ್ಛಗಳು ತಟ್ಟೆಯಲ್ಲಿ ಎಲ್ಲಿವೆ ಎಂಬುದನ್ನು ಆ ಕೋಷ್ಟಕವು ಹೇಳುತ್ತದೆ. ರಸ್ತೆಯ ಪಕ್ಕದ ಮೈಲಿಗಲ್ಲಿನಲ್ಲಿ ಎರಡೂ ಕಡೆಯ ಊರುಗಳ ದೂರವನ್ನು ಕೆತ್ತಿರುವಂತೆಯೇ ಇದು. ಸ್ವತಂತ್ರ ಚಿತ್ರ ಇದ್ದರಷ್ಟೇ ಸಾಲದು, ಅದು ಎಲ್ಲಿದೆಯೆಂದು ತಿಳಿದಿರಲೂ ಬೇಕು. ಇಂದಿನ ಎಂಪಿ-೪ ಕಡತಗಳಲ್ಲಿಯೂ ಎಲ್ಲ ಸ್ವತಂತ್ರ ಚಿತ್ರಗಳ ಪಟ್ಟಿಯೊಂದು ಇರುತ್ತದೆ. ಆ ಪಟ್ಟಿಯನ್ನು ಕಡತದ ಕೊನೆಯಲ್ಲಿ ಬರೆದಿಡುವ ಯಂತ್ರಗಳುಂಟು. ಹಾಗೆ ಬರೆಯುತ್ತಿರುವಾಗಲೇ ವಿದ್ಯುತ್ತು ಹೋಗಿ ಪಟ್ಟಿ ಮೂಡದೆ ಉಳಿದರೆ, ಚಿತ್ರಗಳೆಲ್ಲ ಒಳಗೇ ಇದ್ದರೂ ಕಡತವು ತೆರೆಯುವುದೇ ಇಲ್ಲ.

೨೦೦೩ರ ಎಚ್.೨೬೪ ವಿಧಾನದಲ್ಲಿ ಒಂದು ಸೂಕ್ಷ್ಮವಿದೆ. ಅದರಲ್ಲಿ ಆಶ್ರಿತ ಚಿತ್ರವು ತನ್ನ ಹಿಂದಿನ ಒಂದನ್ನೇ ಅಲ್ಲದೆ, ಅದಕ್ಕೂ ಹಿಂದಿನ ಹಲವನ್ನು ಆಧಾರವಾಗಿ ಹಿಡಿಯಬಹುದು. ಸ್ವತಂತ್ರ ಚಿತ್ರವನ್ನು ದಾಟಿಯೂ ಹಿಂದೆ ಕೈ ಚಾಚಬಹುದು. ಹೀಗಾದರೆ ಸ್ವತಂತ್ರ ಚಿತ್ರದಿಂದ ಪ್ರಾರಂಭಿಸಿದರೂ ಮುಂದೆ ಎಲ್ಲಿಯೋ ಆಧಾರವು ತಪ್ಪೀತು. ಇದನ್ನು ತಪ್ಪಿಸಲು ಐ.ಡಿ.ಆರ್. ಎಂಬ ವಿಶೇಷವಾದ ಸ್ವತಂತ್ರ ಚಿತ್ರವನ್ನು ಕಲ್ಪಿಸಿದ್ದಾರೆ. ಅದನ್ನು ಕಂಡೊಡನೆ ಯಂತ್ರವು ಹಿಂದಿನ ನೆನಪನ್ನೆಲ್ಲ ಅಳಿಸುತ್ತದೆ. ಆಚೆಯ ಯಾವ ಚಿತ್ರವೂ ಈ ಗಡಿಯನ್ನು ದಾಟಿ ಹಿಂದಕ್ಕೆ ನೋಡಕೂಡದು.

ಅದೇ ವಿಧಾನದಿಂದ ಸಾಧ್ಯವಾದ ಇನ್ನೊಂದು ರಚನೆಯು ನನ್ನ ಎಣಿಕೆಯಲ್ಲಿ ಇವೆಲ್ಲಕ್ಕಿಂತ ಸೊಗಸಾದುದು. ಆಶ್ರಿತ ಚಿತ್ರಗಳನ್ನು ಸರಪಳಿಯಂತೆ ಒಂದರ ಹಿಂದೆ ಒಂದು ಕಟ್ಟುವುದಕ್ಕೆ ಬದಲು ಮೆಟ್ಟಿಲುಗಳಂತೆ ಅಂತಸ್ತುಗಳಲ್ಲಿ ಜೋಡಿಸುವುದು. ಮೊದಲು ೦ ಮತ್ತು ೮ನೆಯ ಚಿತ್ರಗಳು. ಅವೆರಡರ ಆಧಾರದಿಂದ ನಡುವಿನ ೪. ಆ ಮೇಲೆ ೨ ಮತ್ತು ೬. ಕಡೆಯಲ್ಲಿ ೧, ೩, ೫, ೭. ಎಂಟು ಪಟ್ಟು ವೇಗದಲ್ಲಿ ಓಡಿಸಿ ನೋಡತಕ್ಕವನಿಗೆ ಕೆಳಗಿನ ಅಂತಸ್ತಿನ ೦, ೮, ೧೬ ಸಾಕು. ಉಳಿದವನ್ನು ಬಿಡಿಸದೆಯೇ ಎಸೆಯಬಹುದು. ವೇಗವನ್ನು ನಾಲ್ಕು ಪಟ್ಟಿಗೆ ಇಳಿಸಿದರೆ ಎರಡನೆಯ ಅಂತಸ್ತೂ ಸೇರುತ್ತದೆ, ಎರಡು ಪಟ್ಟಿಗೆ ಇಳಿಸಿದರೆ ಮೂರನೆಯದು. ಈ ರಚನೆಯು ಸ್ಥಳವನ್ನು ಹೆಚ್ಚಿಸುವುದರ ಬದಲು ಸಾಮಾನ್ಯವಾಗಿ ಉಳಿಸುತ್ತದೆ ಎಂಬುದು ವಿಶೇಷ. ೨೦೧೩ರ ಎಚ್.೨೬೫ ವಿಧಾನದಲ್ಲಿ ಪ್ರತಿಯೊಂದು ಚಿತ್ರದ ತಲೆಯ ಮೇಲೆಯೇ ಅದರ ಅಂತಸ್ತಿನ ಸಂಖ್ಯೆಯನ್ನು ಬರೆದಿರುತ್ತದೆ.

ಸ್ಥಳದ ಚಿಂತೆಯಿಲ್ಲದವರು ಹಳೆಯ ಫಿಲ್ಮಿನ ಮಾರ್ಗಕ್ಕೇ ಹಿಂದಿರುಗಿರುವುದೂ ಉಂಟು. ಚಲಚ್ಚಿತ್ರದ ಸಂಕಲನಕಾರರು ದಿನವಿಡೀ ಹಿಂದೆ ಮುಂದೆ ಸರಿಯುತ್ತಲೇ ಇರುವುದರಿಂದ ಪ್ರತಿ ಚಿತ್ರವೂ ಸ್ವತಂತ್ರವಾಗಿರುವ ಪ್ರೋರೆಸ್‌ನಂತಹ ವಿಧಾನಗಳನ್ನು ಬಳಸುತ್ತಾರೆ. ಇಂದು ಚಿತ್ರಮಂದಿರಗಳಿಗೆ ಬರುವ ಅಂಕೀಯ ಚಿತ್ರದಲ್ಲಿಯೂ ಪ್ರತಿ ಚಿತ್ರವನ್ನು ಜೆಪೆಗ್ ೨೦೦೦ ವಿಧಾನದಿಂದ ಬೇರೆ ಬೇರೆಯಾಗಿಯೇ ಅಡಕಮಾಡಿರುತ್ತದೆ. ಆ ವಿಧಾನದಲ್ಲಿ ಚಿಕ್ಕ ಚಿತ್ರವು ದೊಡ್ಡದರ ಒಳಗೇ ಅಡಗಿರುತ್ತದೆ. ದೊಡ್ಡದನ್ನು ಪೂರ್ತಿ ಬಿಡಿಸದೆ ಚಿಕ್ಕದನ್ನು ಮಾತ್ರ ಹೊರತೆಗೆದು ಹುಡುಕುವುದಕ್ಕೆ ಬಳಸಬಹುದು. ಇಂಟರ್‌ನೆಟ್ಟಿನ ವಿಡಿಯೊಗಳ ಏರ್ಪಾಡು ಸರಳ: ಇಡೀ ಚಿತ್ರವನ್ನು ಕೆಲವು ಸೆಕೆಂಡುಗಳ ತುಂಡುಗಳಾಗಿ ಕತ್ತರಿಸಿ, ತುಂಡು ತುಂಡಿಗೂ ಮೊದಲಲ್ಲಿ ಸ್ವತಂತ್ರ ಚಿತ್ರವನ್ನು ಇಡುತ್ತಾರೆ. ಕಾಲರೇಖೆಯ ಮೇಲೆ ಬೆರಳಾಡಿಸಿದಾಗ ಕಾಣುವ ಪುಟ್ಟ ಚಿತ್ರಗಳು ಸಾಮಾನ್ಯವಾಗಿ ವಿಡಿಯೊದಿಂದ ಆಗ ಬಿಡಿಸಿದವಲ್ಲ. ಮೊದಲೇ ಸಿದ್ಧಪಡಿಸಿ ಬೇರೆಯಾಗಿ ಇಟ್ಟಿರುವಂಥವು.

ಇನ್ನು ರಸ್ತೆಯ ಕ್ಯಾಮೆರಾಕ್ಕೆ ಬರೋಣ. ಅಲ್ಲಿ ನಮ್ಮ ಲೆಕ್ಕದ ಅಂಕಿಗಳೇ ಬೇರೆ. ಕ್ಯಾಮೆರಾ ಅಲುಗಾಡುವುದಿಲ್ಲ; ನಡುರಾತ್ರಿಯಲ್ಲಿ ಕಟ್ಟಡ, ಕಂಬ, ಖಾಲಿ ರಸ್ತೆಗಳಲ್ಲದೆ ಬೇರೇನೂ ಇಲ್ಲ. ಸ್ವತಂತ್ರ ಚಿತ್ರಕ್ಕೆ ೩೦ ಮಾನವೇ ಬೇಕಾದರೂ ಆಶ್ರಿತಕ್ಕೆ ೧, ಉಭಯಾಶ್ರಿತಕ್ಕೆ ಅರ್ಧ ಸಾಕೆನ್ನೋಣ. ಹನ್ನೆರಡರ ಗುಚ್ಛಕ್ಕೆ ೩೭ ಮಾನವಾಗುತ್ತದೆ. ನೂರಿಪ್ಪತ್ತರ ಗುಚ್ಛದಲ್ಲಿ ಹನ್ನೆರಡು ಚಿತ್ರಗಳ ಪಾಲಿಗೆ ಹನ್ನೊಂದಕ್ಕಿಂತ ಕಡಮೆ. ಮೂವತ್ತು ದಿನಗಳ ಚಿತ್ರಗಳನ್ನು ಹಿಡಿಯುತ್ತಿದ್ದ ಶೇಖರದಲ್ಲಿ ನೂರು ದಿನಗಳನ್ನು ತುಂಬಬಹುದು! ಸಂಚಾರದ ದೃಶ್ಯದಲ್ಲಿ ಅಲ್ಪವಾಗಿದ್ದ ಆಶೆಯು ಸ್ತಬ್ಧ ದೃಶ್ಯದಲ್ಲಿ ಬಲವಾದುದಾಯಿತು. ಕಾವಲು ಕ್ಯಾಮೆರಾಗಳಲ್ಲಿ ಗುಚ್ಛಗಳನ್ನು ಬಹಳ ಉದ್ದಮಾಡುವ ವಿಧಾನಗಳು ಬಂದಿರುವುದು ಈ ಕಾರಣದಿಂದಲೇ. ಉಪಕರಣವನ್ನು ಮಾರುವವರು ಎಷ್ಟು ದಿನಗಳು ಹಿಡಿಯುತ್ತವೆ ಎಂಬ ಅಂಕಿಯನ್ನು ದೊಡ್ಡ ಅಕ್ಷರಗಳಲ್ಲಿ ಹೇಳುತ್ತಾರೆ. ಹುಡುಕುವಾಗ ಎಷ್ಟು ಹೊತ್ತು ಕಾಯಬೇಕೆಂಬುದನ್ನು ಕೊಳ್ಳುವವನೇ ಕೇಳಿ ತಿಳಿಯಬೇಕು. ದೃಶ್ಯವು ಸ್ತಬ್ಧವಾಗಿರುವಾಗ ಗುಚ್ಛವನ್ನು ಎಳೆದು, ಚಲನೆ ಕಂಡಾಗ ಚಿಕ್ಕದು ಮಾಡುವ ಕ್ಯಾಮೆರಾಗಳೂ ಇವೆ. ಇದು ಒಳ್ಳೆಯ ಸಂಧಾನ. ನಾವು ಹುಡುಕುವುದು ಚಲನೆಯನ್ನೇ ಆದುದರಿಂದ ಮೈಲಿಗಲ್ಲುಗಳು ಬೇಕಾದ ಎಡೆಯಲ್ಲಿಯೇ ದಟ್ಟವಾಗುತ್ತವೆ.

ಇಲ್ಲಿಯೇ ಸಂಕೋಚನವು ಹುಡುಕುವವನಿಗೆ ಅನಿರೀಕ್ಷಿತವಾಗಿ ಒದಗಿಸುವ ಒಂದು ಸಹಾಯವನ್ನೂ ಹೇಳಬೇಕು. ಏನೂ ನಡೆಯದಿರುವಾಗ ಆಶ್ರಿತ ಚಿತ್ರಗಳು ಬಹಳ ಚಿಕ್ಕವು. ವಾಹನವೊಂದು ಹಾದುಹೋದರೆ ಚಲನಸದಿಶಗಳೂ ವ್ಯತ್ಯಾಸಗಳೂ ಹೆಚ್ಚಿ ಅವು ದೊಡ್ಡವಾಗುತ್ತವೆ. ಹೀಗಿರಲು, ಯಾವ ಚಿತ್ರವನ್ನೂ ಬಿಡಿಸದೆ, ಅವುಗಳ ಗಾತ್ರಗಳನ್ನು ಮಾತ್ರ ಸಾಲಾಗಿ ಓದಿ ನಕ್ಷೆಯೊಂದನ್ನು ಎಳೆದರೆ, ಸಮತಟ್ಟಾದ ರಾತ್ರಿಯ ನಡುವೆ ಅಲ್ಲಲ್ಲಿ ಗುಡ್ಡಗಳು ಎದ್ದು ಕಾಣುತ್ತವೆ. ಎರಡು ಕೋಟಿ ಚಿತ್ರಗಳ ಹುಡುಕಾಟವು ಕೆಲವು ನೂರು ಗುಡ್ಡಗಳ ಪರೀಕ್ಷೆಗೆ ಇಳಿಯುತ್ತದೆ. ಮಳೆ ಬಂದರೆ, ಅಥವಾ ಕ್ಯಾಮೆರಾದ ಮುಂದೆ ಮರದ ಕೊಂಬೆ ತೂಗಾಡಿದರೆ ಇಡೀ ರಾತ್ರಿಯೇ ಗುಡ್ಡವಾಗಿಬಿಡುವುದೂ ಉಂಟು. ಅಂತಹ ಕಡೆ ಚಲನಸದಿಶಗಳನ್ನು ಓದಿ, ರಸ್ತೆಯ ಭಾಗದಲ್ಲಿ ಒಂದೇ ದಿಕ್ಕಿಗೆ ಸಾಗಿದ ಚೌಕಗಳನ್ನು ಬೇರ್ಪಡಿಸಬೇಕಾಗುತ್ತದೆ.

ಬೇಕಾದ ಹನ್ನೆರಡು ಚಿತ್ರಗಳು ಸಿಕ್ಕಿದ ಮೇಲೆ ಅವುಗಳನ್ನು ಕತ್ತರಿಸಿ ತೆಗೆಯುವಾಗಲೂ ಗುಚ್ಛದ ನಿಯಮವು ಬಿಡುವುದಿಲ್ಲ. ಗುಚ್ಛದ ನಡುವಿನಿಂದ ಕತ್ತರಿಸಿದರೆ ಮೊದಲ ಚಿತ್ರಗಳಿಗೆ ಆಧಾರವಿರದು. ಮತ್ತೆ ಹೊಸದಾಗಿ ಅಡಕಮಾಡಿದರೆ ಚಿತ್ರವು ಇನ್ನಷ್ಟು ಮಸುಕಾಗುತ್ತದೆ. ಅಲ್ಲದೆ ಅದು ಕ್ಯಾಮೆರಾ ಬರೆದ ಅಂಕಿಗಳಾಗಿ ಉಳಿಯುವುದಿಲ್ಲ. ೨೦೨೪ರ ಜುಲೈಯಿಂದ ಜಾರಿಗೆ ಬಂದ ಭಾರತೀಯ ಸಾಕ್ಷ್ಯ ಅಧಿನಿಯಮದಲ್ಲಿ ವಿದ್ಯುನ್ಮಾನ ದಾಖಲೆಗೆ ಕೊಡತಕ್ಕ ಪ್ರಮಾಣಪತ್ರದಲ್ಲಿ ಹ್ಯಾಷ್ ಬೆಲೆಯನ್ನು ನಮೂದಿಸಬೇಕು. ಒಂದು ಬಿಟ್ಟು ಬದಲಾದರೂ ಆ ಬೆಲೆ ಬೇರೆಯಾಗುತ್ತದೆ. ಆದುದರಿಂದ ಮೂಲ ಕಡತವನ್ನು ಮುಟ್ಟದೆ ಕಾಪಾಡಿ, ತುಂಡು ಬೇಕಾದಾಗ ಘಟನೆಗಿಂತ ಹಿಂದಿರುವ ಸ್ವತಂತ್ರ ಚಿತ್ರದಿಂದ ಪ್ರಾರಂಭಿಸಿ ಯಥಾವತ್ತಾಗಿ ನಕಲು ಮಾಡುವುದು ಕ್ರಮ. ಅಂತಹ ತುಣುಕಿನ ಮೊದಲಲ್ಲಿ ವಾಹನವು ಇನ್ನೂ ಬಾರದಿರುವ ಬರಿಯ ರಸ್ತೆಯು ಕೆಲವು ಸೆಕೆಂಡುಗಳ ಕಾಲ ಕಾಣುವುದಕ್ಕೆ ಇದೇ ಕಾರಣ.